ಔಷಧಿ ಕೈ ಬದಲಾಗುವಾಗ

ಪ್ರಶ್ನೆ: ಮೇಡಂ, ನಾನು ಸೋಮವಾರಪೇಟೆಯವಳು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ್ದೇನೆ, ಮಿಲಿಟರಿ ನರ್ಸಿಂಗ್ ಸರ್ವೀಸ್‌ಗೆ ಅರ್ಜಿ ಹಾಕಬೇಕೆಂದಿದ್ದೇನೆ. ಇಂಟರ್ನ್‌ಶಿಪ್‌ನಲ್ಲಿ ಒಬ್ಬರ ಇಂಜೆಕ್ಷನ್ ಇನ್ನೊಬ್ಬರಿಗೆ ಹೋಗಿದ್ದನ್ನು ಕಣ್ಣಾರೆ ಕಂಡೆ. ಅಂದಿನಿಂದ ಔಷಧಿ ಟ್ರಾಲಿ ಮುಟ್ಟಲು ಕೈ ನಡುಗುತ್ತದೆ. ಸೈನ್ಯದ ಆಸ್ಪತ್ರೆಗಳಲ್ಲಿ ಶಿಸ್ತು ಇರುವುದರಿಂದ ಇಂಥ ತಪ್ಪು ಕಡಿಮೆಯೇ? ಅಲ್ಲಿ ನಾನು ಮುಖ್ಯವಾಗಿ ಏನು ಕಲಿಯಬೇಕು? ಇನ್ನೊಂದು ವಿಷಯ. ನಮ್ಮಪ್ಪ ನಿವೃತ್ತ ಹವಾಲ್ದಾರ್. ಮಾಜಿ ಸೈನಿಕರ ಆರೋಗ್ಯ ಯೋಜನೆಯ (ಇಸಿಎಚ್‌ಎಸ್) ಪಾಲಿಕ್ಲಿನಿಕ್‌ನಿಂದ ತರುವ ಬಿ.ಪಿ. ಮಾತ್ರೆಯ ಸ್ಟ್ರಿಪ್ ಒಂದೊಂದು ಸಲ ಒಂದೊಂದು ಥರ ಇರುತ್ತದೆ. ಎರಡು ತಿಂಗಳಿಂದ ಅವರ ಕಾಲು ಊದಿಕೊಳ್ಳುತ್ತಿದೆ, ಎದ್ದರೆ ತಲೆ ಸುತ್ತುತ್ತದೆ. ಎರಡಕ್ಕೂ ಸಂಬಂಧ ಇರಬಹುದೇ?

ಉತ್ತರ: ಅಪ್ಪನ ಕಾಲಿನ ವಿಷಯ ಮೊದಲು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ: ಸಂಬಂಧ ಇರಬಹುದು, ಈ ವಾರವೇ ಡಾಕ್ಟರಿಗೆ ತೋರಿಸಿ. ಹೇಗೆ ತೋರಿಸಬೇಕು ಎಂಬುದನ್ನು ಕೊನೆಯಲ್ಲಿ ಬರೆದಿದ್ದೇನೆ. ಉಸಿರಾಟಕ್ಕೆ ಕಷ್ಟವಾದರೆ ಅಥವಾ ಎದೆನೋವು ಬಂದರೆ ಮಾತ್ರ ಯಾವುದಕ್ಕೂ ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿ.

ಕೈ ನಡುಗುತ್ತದೆ ಎಂದು ಬರೆದಿದ್ದೀರಿ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಸೈನ್ಯದ ವಾರ್ಡುಗಳಲ್ಲಿ ಕೆಲಸ ಮಾಡಿದ್ದೇನೆ. ಟ್ರಾಲಿಯ ಮುಂದೆ ಒಂದು ಗಳಿಗೆ ನಿಂತು ಯೋಚಿಸುವ ಹುಡುಗಿಯರನ್ನೇ ನಾನು ಯಾವತ್ತೂ ಹೆಚ್ಚು ನಂಬಿದ್ದು. ಅರ್ಜಿ ಹಾಕಿ.

ಶಿಸ್ತಿನಿಂದ ತಪ್ಪು ಕಡಿಮೆಯಾಗುತ್ತದೆಯೇ? ಎಣಿಕೆಯ ವಿಷಯದಲ್ಲಿ ಖಂಡಿತ ಆಗುತ್ತದೆ. ನೀವು ಸೇರಿದ ಮೊದಲ ವಾರವೇ ವಾರ್ಡಿನ ‘ಡಿಡಿಎ ಕಪಾಟು’ ನೋಡುತ್ತೀರಿ. ಮಾರ್ಫಿನ್, ಪೆಥಿಡಿನ್, ಫೆಂಟಾನಿಲ್‌ನಂಥ, ಚಟ ಹಿಡಿಸಬಲ್ಲ ಬಲವಾದ ನೋವುನಿವಾರಕಗಳಿರುವ ಕಪಾಟು ಅದು. 1930ರ ಡೇಂಜರಸ್ ಡ್ರಗ್ಸ್ ಆ್ಯಕ್ಟ್‌ನಿಂದ ಬಂದ ಹೆಸರು. ಆ ಕಾಯ್ದೆ ಹೋಗಿ 1985ರಲ್ಲಿ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆ ಬಂತು, ನರ್ಸ್‌ಗಳ ಬಾಯಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿದೆ. ಡ್ಯೂಟಿ ಬದಲಾಗುವಾಗ ಹೋಗುವವರು, ಬರುವವರು ಇಬ್ಬರೂ ಅದರ ಮುಂದೆ ನಿಲ್ಲಬೇಕು. ಆಂಪೂಲ್‌ಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಬೇಕು, ರಿಜಿಸ್ಟರಿನ ಲೆಕ್ಕಕ್ಕೆ ತಾಳೆ ನೋಡಬೇಕು. ಒಡೆದ ಆಂಪೂಲಿನ ಖಾಲಿ ಗಾಜೂ ಲೆಕ್ಕಕ್ಕೆ ಬರಬೇಕು. ಅರ್ಧ ಕೊಟ್ಟು ಅರ್ಧ ಚೆಲ್ಲಿದ್ದರೆ ಚೆಲ್ಲಿದ್ದಕ್ಕೂ ಸಾಕ್ಷಿಯ ಸಹಿ ಬೇಕು. ಒಂದು ಆಂಪೂಲ್ ತಾಳೆಯಾಗದಿದ್ದರೆ ಯಾರೂ ಮನೆಗೆ ಹೋಗುವಂತಿಲ್ಲ. ಬಂದೂಕು, ಗುಂಡು ಎಣಿಸಿ ಅಭ್ಯಾಸವಾದ ಸಂಸ್ಥೆಗೆ ಇದು ಸಹಜವಾಗಿ ಬರುತ್ತದೆ.

ಆದರೆ ಎಣಿಕೆ ಹೇಳುವುದು ಎಷ್ಟು ಔಷಧಿ ಹೋಯಿತು ಎಂಬುದನ್ನಷ್ಟೇ. ಯಾರಿಗೆ, ಯಾವಾಗ, ಇದಕ್ಕೆ ಮೊದಲು ಇನ್ನೇನು ಕೊಟ್ಟಿದ್ದರು ಎಂಬುದು ಬೇರೆಯೇ ಲೆಕ್ಕ. ಸೈನ್ಯದ ಆಸ್ಪತ್ರೆಗೆ ನಾಗರಿಕ ಆಸ್ಪತ್ರೆಗಿಂತ ಹೆಚ್ಚು ಕಷ್ಟ ಇರುವುದು ಇಲ್ಲೇ. ನಮ್ಮ ರೋಗಿ ಒಂದು ಕಡೆ ಇರುವವನಲ್ಲ. ಮುಂಚೂಣಿಯ ಪೋಸ್ಟ್‌ನಲ್ಲಿ ಜೊತೆಗಾರ ಸೈನಿಕನೇ ಮೊದಲ ಇಂಜೆಕ್ಷನ್ ಕೊಟ್ಟಿರಬಹುದು. ಅಲ್ಲಿಂದ ರೆಜಿಮೆಂಟಲ್ ಏಡ್ ಪೋಸ್ಟ್, ಅಡ್ವಾನ್ಸ್ಡ್ ಡ್ರೆಸಿಂಗ್ ಸ್ಟೇಷನ್, ಫೀಲ್ಡ್ ಆಸ್ಪತ್ರೆ, ಮಿಲಿಟರಿ ಆಸ್ಪತ್ರೆ, ಕೊನೆಗೆ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿರುವಂಥ ಕಮಾಂಡ್ ಆಸ್ಪತ್ರೆ. ಐದಾರು ಕೈ ಬದಲಾಗುತ್ತವೆ. ಒಂದೊಂದು ಕಡೆಯೂ ಡಾಕ್ಟರ್ ಬೇರೆ, ನರ್ಸ್ ಬೇರೆ, ಸ್ಟಾಕ್‌ನಲ್ಲಿರುವ ಔಷಧಿ ಬೇರೆ. ರೋಗಿಯ ಜೊತೆ ಕಾಗದ ಬರದಿದ್ದರೆ ನಾವು ಕುರುಡರ ಹಾಗೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ನನ್ನ ಕೈಯಿಂದಾದ ತಪ್ಪಿನಿಂದ ಕಲಿತೆ. ಎತ್ತರದ ಪ್ರದೇಶದಿಂದ ಒಬ್ಬ ಜವಾನನನ್ನು ಹೆಲಿಕಾಪ್ಟರ್‌ನಲ್ಲಿ ಇಳಿಸಿ ನಮ್ಮ ವಾರ್ಡಿಗೆ ತಂದಿದ್ದರು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಎತ್ತರದಲ್ಲಿ ನಮ್ಮ ಹುಡುಗರಿಗೆ ಇದು ಅಪರೂಪವಲ್ಲ. ಡಾಕ್ಟರ್ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎನಾಕ್ಸಪರಿನ್ ಇಂಜೆಕ್ಷನ್ 60 ಮಿ.ಗ್ರಾಂ, ಹನ್ನೆರಡು ಗಂಟೆಗೊಮ್ಮೆ ಎಂದು ಬರೆದರು. ರಾತ್ರಿ ಎಂಟಕ್ಕೆ ನಾನು ಮೊದಲ ಡೋಸ್ ಕೊಟ್ಟೆ. ಮೊದಲನೆಯದು ಎಂದು ನಾನು ತಿಳಿದಿದ್ದೆ, ಅಷ್ಟೇ. ಮೇಲಿನ ಆಸ್ಪತ್ರೆಯಲ್ಲಿ ಸಂಜೆ ಐದಕ್ಕೆ ಹೆಲಿಕಾಪ್ಟರ್ ಹತ್ತಿಸುವ ಮುಂಚೆ ಅದೇ ಇಂಜೆಕ್ಷನ್ ಕೊಟ್ಟಿದ್ದರು, ಚೀಟಿಯಲ್ಲೂ ಬರೆದಿದ್ದರು. ಚೀಟಿ ಅವನ ಜಾಕೆಟ್ ಜೇಬಿನಲ್ಲಿತ್ತು. ನಮ್ಮಲ್ಲಿ ದಾಖಲಾದವರ ಸಮವಸ್ತ್ರ, ಸಾಮಾನು ಎಲ್ಲ ಪ್ಯಾಕ್ ಸ್ಟೋರ್‌ಗೆ ಹೋಗುತ್ತದೆ, ಅವರು ಆಸ್ಪತ್ರೆಯ ಬಟ್ಟೆ ಹಾಕಿಕೊಳ್ಳುತ್ತಾರೆ. ಜಾಕೆಟ್ ಜೊತೆ ಚೀಟಿಯೂ ಪ್ಯಾಕ್ ಸ್ಟೋರ್ ಸೇರಿತು. ನಡುರಾತ್ರಿ ಅವನ ಮೂಗಿನಿಂದ ರಕ್ತ ಇಳಿಯತೊಡಗಿತು, ವಸಡಿನಿಂದಲೂ ಬಂತು. ಆ ರಾತ್ರಿ ಡಾಕ್ಟರ್ ಅವನ ಮಂಚ ಬಿಟ್ಟು ಕದಲಲಿಲ್ಲ, ನಾನೂ ಕದಲಲಿಲ್ಲ. ಹುಡುಗ ಉಳಿದ. ಬೆಳಿಗ್ಗೆ ಪ್ಯಾಕ್ ಸ್ಟೋರ್ ತೆಗೆಸಿ ಜಾಕೆಟ್ ತಡಕಿದಾಗ ಸಿಕ್ಕ ಆ ಮಡಿಚಿದ ಚೀಟಿ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಮೇಲಿನ ಆಸ್ಪತ್ರೆಯವರು ಬರೆದಿದ್ದರು. ನಾನು ಆರ್ಡರ್‌ನಂತೆ ಕೊಟ್ಟಿದ್ದೆ. ನೀವು ಕಾಲೇಜಿನಲ್ಲಿ ಕಲಿತ ಐದು ‘ಸರಿ’ಗಳಲ್ಲಿ, ಅಂದರೆ ಸರಿಯಾದ ರೋಗಿ, ಔಷಧಿ, ಪ್ರಮಾಣ, ಮಾರ್ಗ, ಸಮಯದಲ್ಲಿ, ಒಂದನ್ನೂ ನಾನು ಬಿಟ್ಟಿರಲಿಲ್ಲ ಎಂದೇ ಅಂದುಕೊಂಡಿದ್ದೆ. ಕೇಳಬೇಕಾಗಿದ್ದ ಒಂದು ಪ್ರಶ್ನೆ ಕೇಳಲಿಲ್ಲ: ‘ಕೊನೆಯ ಇಂಜೆಕ್ಷನ್ ಎಷ್ಟು ಹೊತ್ತಿಗೆ ಕೊಟ್ಟರಪ್ಪಾ?’ ಅವನಿಗೆ ಪ್ರಜ್ಞೆ ಇತ್ತು, ಮಾತಾಡುತ್ತಿದ್ದ. ಕೇಳಿದ್ದರೆ ಹೇಳುತ್ತಿದ್ದ. ಅಂದಿನಿಂದ ಸ್ಟ್ರೆಚರ್ ವಾರ್ಡಿನ ಬಾಗಿಲಲ್ಲಿರುವಾಗಲೇ, ಬಟ್ಟೆ ಬದಲಿಸುವ ಮುಂಚೆ, ಜೇಬು ನೋಡಿಸುತ್ತಿದ್ದೆ. ಜೊತೆಗೆ ಬಂದವರನ್ನು ಹಾಗೇ ಕಳಿಸುತ್ತಿರಲಿಲ್ಲ. ಅವರಿಂದ ಬಾಯಲ್ಲಿ ಕೇಳಿ, ಕಾಗದದಲ್ಲಿ ನೋಡಿ, ಎರಡೂ ಹೊಂದಿದ ಮೇಲೆಯೇ ಸಹಿ.

ಇದು ಹೊಸ ಪಾಠವೇನಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ಮಾರ್ಫಿನ್ ತುಂಬಿದ, ಟೂತ್‌ಪೇಸ್ಟ್ ಟ್ಯೂಬಿನ ಹಾಗೆ ಹಿಂಡುವ ಪುಟ್ಟ ಸಿರೆಟ್‌ಗಳನ್ನು ಕೊಡುತ್ತಿದ್ದರು. ಒಂದರಲ್ಲಿ ಅರ್ಧ ಗ್ರೇನ್, ಅಂದರೆ ಸುಮಾರು 32 ಮಿ.ಗ್ರಾಂ. ಇವತ್ತು ನಾವು ರಕ್ತನಾಳಕ್ಕೆ 2-3 ಮಿ.ಗ್ರಾಂ.ನಂತೆ ಕೊಟ್ಟು, ಉಸಿರು ನೋಡಿಕೊಂಡು ಮುಂದುವರಿಯುತ್ತೇವೆ. ಹೋಲಿಸಿ ನೋಡಿ. ಹಾರ್ವರ್ಡ್‌ನ ಅರಿವಳಿಕೆ ತಜ್ಞ ಹೆನ್ರಿ ಬೀಚರ್ ಯುದ್ಧಭೂಮಿಯಲ್ಲಿ ಒಂದು ವಿಚಿತ್ರ ಕಂಡರು. ಗಾಯಾಳುಗಳು ಆಸ್ಪತ್ರೆ ತಲುಪಿ, ಕಂಬಳಿ ಹೊದಿಸಿ, ರಕ್ತ ಕೊಟ್ಟು, ಇನ್ನೇನು ಚೇತರಿಸಿಕೊಂಡರು ಎನ್ನುವಾಗ ಉಸಿರು ನಿಧಾನವಾಗಿ ಕುಸಿಯುತ್ತಿದ್ದರು. 1944ರಲ್ಲಿ ಅವರು ಕಾರಣ ಬರೆದರು. ರಕ್ತ ಹೋಗಿ, ಚಳಿಗೆ ಮೈ ತಣ್ಣಗಾದವನ ಚರ್ಮದಡಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಅಲ್ಲಿ ಚುಚ್ಚಿದ ಮಾರ್ಫಿನ್ ಅಲ್ಲೇ ಕೂರುತ್ತದೆ. ನೋವು ಇಳಿಯಲಿಲ್ಲವೆಂದು ಮುಂದಿನ ಠಾಣೆಯವರು ಇನ್ನೊಂದು ಕೊಡುತ್ತಾರೆ, ಅದರ ಮುಂದಿನವರು ಮತ್ತೊಂದು. ಮೈ ಬೆಚ್ಚಗಾಗಿ ರಕ್ತ ಹರಿಯತೊಡಗಿದ ಕೂಡಲೇ ಅಷ್ಟೂ ಒಟ್ಟಿಗೆ ಒಳಗೆ ಇಳಿಯುತ್ತದೆ.

ಖಾಲಿ ಸಿರೆಟ್‌ಅನ್ನು ಗಾಯಾಳುವಿನ ಕಾಲರ್‌ಗೆ ಸಿಕ್ಕಿಸುವುದು, ಹಣೆಯ ಮೇಲೆ ‘ಎಂ’ ಎಂದು ಬರೆಯುವುದು ಆ ಕಾಲದ ಪದ್ಧತಿ. ನೋಡಲು ಒರಟು ಉಪಾಯ. ಆದರೂ ಅದರ ಹಿಂದಿನ ಬುದ್ಧಿವಂತಿಕೆಗೆ ನನ್ನ ನಮಸ್ಕಾರ. ಹಣೆ ಯಾವ ಪ್ಯಾಕ್ ಸ್ಟೋರ್‌ಗೂ ಹೋಗುವುದಿಲ್ಲ.

ಈಚಿನ ಇನ್ನೊಂದು ಉಪಾಯವೂ ನನಗೆ ಬಹಳ ಇಷ್ಟ. ಅಮೆರಿಕದ ಸೈನ್ಯ ರಣರಂಗದ ನೋವಿಗೆ ಕಡ್ಡಿಗೆ ಅಂಟಿಸಿದ ಫೆಂಟಾನಿಲ್ ಲಾಲಿಪಾಪ್ ಬಳಸಿತು, 800 ಮೈಕ್ರೋಗ್ರಾಂನದು. ಅದನ್ನು ಗಾಯಾಳುವಿನ ಕೆನ್ನೆಯೊಳಗಿಟ್ಟು, ಕಡ್ಡಿಯನ್ನು ಅವನದೇ ಬೆರಳಿಗೆ ಟೇಪ್ ಹಾಕುತ್ತಿದ್ದರು. ಔಷಧಿ ಹೆಚ್ಚಾಗಿ ಮಂಪರು ಬಂದರೆ ಕೈ ಸೋತು ಕೆಳಗೆ ಬೀಳುತ್ತದೆ, ಅದರ ಜೊತೆ ಕಡ್ಡಿಯೂ ಬಾಯಿಂದ ಹೊರಗೆ ಬರುತ್ತದೆ. ಪಕ್ಕದಲ್ಲಿ ನೋಡಿಕೊಳ್ಳುವವರು ಇಲ್ಲದ ಹೊತ್ತಿಗೂ ಡೋಸ್ ಅಲ್ಲಿಗೇ ನಿಲ್ಲುತ್ತದೆ. ಇಂಥದ್ದನ್ನು ಕೊಡುವ ಮೊದಲು ಗಾಯಾಳುವಿನ ಕೈಯಿಂದ ಬಂದೂಕು ತೆಗೆದಿಡಬೇಕು ಎಂಬುದೂ ಅದೇ ಪಾಠದ ಭಾಗ. ನಿಮ್ಮ ಫಾರ್ಮಕಾಲಜಿ ಪುಸ್ತಕದಲ್ಲಿ ಇದು ಇದ್ದಿರಲಾರದು.

ರಕ್ತಸ್ರಾವಕ್ಕೆ ಕೊಡುವ ಟ್ರಾನೆಕ್ಸಾಮಿಕ್ ಆ್ಯಸಿಡ್ ವಿಷಯದಲ್ಲಂತೂ ಗಡಿಯಾರವೇ ಔಷಧಿಯ ಅರ್ಧ. ಗಾಯವಾದ ಮೂರು ಗಂಟೆಯೊಳಗೆ ಕೊಟ್ಟರೆ ಜೀವ ಉಳಿಸುತ್ತದೆ. ಆ ಮೇಲೆ ಕೊಟ್ಟರೆ ಕೆಡುಕೇ ಹೆಚ್ಚು. ಗಾಯವಾದ ಹೊತ್ತನ್ನು ಯಾರೂ ಬರೆಯದಿದ್ದರೆ ಕೊಡಬೇಕೋ ಬಿಡಬೇಕೋ ಎಂದು ತೀರ್ಮಾನಿಸುವುದು ಹೇಗೆ?

2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಔಷಧಿಯಿಂದಾಗುವ ಹಾನಿ ತಡೆಯಲು ಜಾಗತಿಕ ಅಭಿಯಾನ ಶುರುಮಾಡಿದಾಗ ಮೂರು ಜಾಗಗಳನ್ನು ಮೊದಲು ಗುರುತಿಸಿತು. ಅಪಾಯದ ಔಷಧಿ ಮತ್ತು ಸನ್ನಿವೇಶ ಒಂದು, ಒಬ್ಬರಿಗೇ ಹಲವು ಔಷಧಿ ಇನ್ನೊಂದು, ರೋಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಹೊತ್ತು ಮೂರನೆಯದು. ನಮ್ಮ ಜವಾನ ಮೂರನೆಯದರಲ್ಲಿ ಸಿಕ್ಕಿಕೊಂಡ. ನಿಮ್ಮಪ್ಪ ಎರಡನೆಯದರಲ್ಲಿ ಇರಬಹುದು.

ಇನ್ನು ರ‍್ಯಾಂಕ್. ನೀವು ಲೆಫ್ಟಿನೆಂಟ್ ಆಗಿ ಸೇರುತ್ತೀರಿ. ಆರ್ಡರ್ ಬರೆಯುವವರು ಕರ್ನಲ್ ಇರಬಹುದು. ನಿಮ್ಮ ಕೈಕೆಳಗೆ ಸಿಪಾಯಿ ದರ್ಜೆಯ ನರ್ಸಿಂಗ್ ಅಸಿಸ್ಟೆಂಟ್ ಇರುತ್ತಾನೆ. ಆರ್ಡರ್ ಎಂದರೆ ಆರ್ಡರ್ ಎಂದು ಬೆಳೆದ ಜನ ನಾವು. ಔಷಧಿಯ ವಿಷಯದಲ್ಲಿ ಈ ಅಭ್ಯಾಸ ರೋಗಿಯನ್ನು ಕೊಲ್ಲಬಹುದು. ಒಂದು ರಾತ್ರಿ ಫೋನಿನಲ್ಲಿ ಡಾಕ್ಟರ್ ಹೇಳಿದ ಡೋಸ್ ಕೇಳಿ ನಾನು ‘ಫಿಫ್ಟಿ’ ಎಂದು ಬರೆದುಕೊಂಡೆ. ಪಕ್ಕದಲ್ಲಿದ್ದ ನರ್ಸಿಂಗ್ ಅಸಿಸ್ಟೆಂಟ್, ಇಪ್ಪತ್ತೆರಡು ವರ್ಷದ ಹುಡುಗ, ಅಟೆನ್ಷನ್‌ನಲ್ಲಿ ನಿಂತು ಕೇಳಿದ: ‘ಮ್ಯಾಡಮ್, ಏಕ್-ಪಾಂಚ್ ಯಾ ಪಾಂಚ್-ಜೀರೋ?’ ಮತ್ತೆ ಫೋನ್ ಮಾಡಿದೆ. ಹದಿನೈದು. ಅವನು ಕೇಳಿದ ರೀತಿ ಅವನಿಗೆ ವೈರ್‌ಲೆಸ್ ಸೆಟ್ಟಿನಿಂದ ಬಂದದ್ದು. ಸೈನ್ಯದಲ್ಲಿ ವೈರ್‌ಲೆಸ್‌ನಲ್ಲಿ ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳಬೇಕು, ಕೇಳಿದವನು ಅದನ್ನೇ ತಿರುಗಿ ಒಪ್ಪಿಸಬೇಕು. ಫಿರಂಗಿಯ ಗುರಿಗೆ ಇಷ್ಟು ಎಚ್ಚರ ಇರುವಾಗ ಸಿರಿಂಜಿಗೆ ಯಾಕಿರಬಾರದು? ಮರುದಿನವೇ ನಾನು ವಾರ್ಡಿನಲ್ಲಿ ಇದನ್ನು ನಿಯಮ ಮಾಡಿದೆ. ಬಾಯಿಮಾತಿನ ಆರ್ಡರ್ ತುರ್ತಿಗೆ ಮಾತ್ರ, ಅಂಕಿ ಬಿಡಿಬಿಡಿಯಾಗಿ, ತಿರುಗಿ ಒಪ್ಪಿಸಿದ ಮೇಲೆಯೇ ಔಷಧಿ.

ಸೇರಿದ ದಿನದಿಂದಲೇ ಒಂದು ವಾಕ್ಯ ರೂಢಿ ಮಾಡಿಕೊಳ್ಳಿ: ‘ಸರ್, ಈ ಡೋಸ್ ಇನ್ನೊಮ್ಮೆ ನೋಡುತ್ತೀರಾ?’ ಒಳ್ಳೆಯ ಡಾಕ್ಟರ್ ಯಾರೂ ಇದಕ್ಕೆ ಬೇಸರಿಸಿದ್ದನ್ನು ನಾನು ಕಂಡಿಲ್ಲ. ಬೇಸರಿಸಿದವರೂ ಇದ್ದರು, ಅವರ ಬೇಸರದಿಂದ ನನಗೇನೂ ಆಗಲಿಲ್ಲ. ನಿಮಗಿಂತ ಕೆಳಗಿನವನು ನಿಮ್ಮನ್ನು ಕೇಳಿದಾಗ ಎಲ್ಲರ ಮುಂದೆ ‘ಶಾಬಾಶ್’ ಎನ್ನಿ. ಒಂದು ಸಲ ಗದರಿದರೆ ಅವನು ಮುಂದೆಂದೂ ಬಾಯಿ ಬಿಡುವುದಿಲ್ಲ. ತಪ್ಪನ್ನು ವರದಿ ಮಾಡುವುದೂ ಇದೇ ಗುಣಕ್ಕೆ ಸೇರಿದ್ದು. ಕೊಟ್ಟ ತಪ್ಪು, ಕೊಡಲು ಹೋಗಿ ತಡೆದ ತಪ್ಪು, ಎರಡನ್ನೂ ಬರೆಯಿರಿ. ವರದಿ ಮಾಡಿದವರನ್ನು ಶಿಕ್ಷಿಸುವ ವಾರ್ಡಿನಲ್ಲಿ ತಪ್ಪು ನಿಲ್ಲುವುದಿಲ್ಲ, ಬರೆಯುವುದು ನಿಲ್ಲುತ್ತದೆ.

ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲ್ ಬಗ್ಗೆ ಎರಡೇ ಮಾತು. ಅದು ಸ್ಟೆರೈಲ್ ವಾಟರ್ ಆಂಪೂಲ್‌ನ ಪಕ್ಕ ಇದ್ದರೆ ಆ ಕ್ಷಣವೇ ಎತ್ತಿ ಬೇರೆ ಬೀಗದೊಳಗಿಡಿ. ಕರಗಿಸದೆ ನೇರ ರಕ್ತಕ್ಕೆ ಹೋದರೆ ಹೃದಯ ನಿಲ್ಲುತ್ತದೆ, ಎರಡನೇ ಅವಕಾಶ ಇರುವುದಿಲ್ಲ.

ಲಡಾಖ್ ಕಡೆ ಪೋಸ್ಟಿಂಗ್ ಬಂದರೆ ಫ್ರಿಜ್ ಬಗ್ಗೆ ನಿಮಗಿರುವ ತಿಳಿವಳಿಕೆ ತಲೆಕೆಳಗಾಗುತ್ತದೆ. ನಮ್ಮೂರಿನಲ್ಲಿ ಔಷಧಿ ಬಿಸಿಯಾಗದಂತೆ ಕಾಯುತ್ತೇವೆ, ಅಲ್ಲಿ ಹೆಪ್ಪುಗಟ್ಟದಂತೆ ಕಾಯಬೇಕು. ಇನ್ಸುಲಿನ್ ಒಮ್ಮೆ ಗಡ್ಡೆಕಟ್ಟಿದರೆ ಮುಗಿಯಿತು. ಕರಗಿದ ಮೇಲೆ ಮೊದಲಿನಂತೆಯೇ ಕಂಡರೂ ಎಸೆಯಬೇಕು. ಟೆಟನಸ್, ಹೆಪಟೈಟಿಸ್-ಬಿ ಲಸಿಕೆಗಳೂ ಹಾಗೇ. ತಲೆಗೆ ಪೆಟ್ಟಾದವರಿಗೆ ಕೊಡುವ ಮ್ಯಾನಿಟಾಲ್ ಬಾಟಲಿಯನ್ನು ಚಳಿಯಲ್ಲಿ ಬೆಳಕಿಗೆ ಹಿಡಿದು ನೋಡಿ. ಒಳಗೆ ಕಲ್ಲುಸಕ್ಕರೆಯ ಚೂರಿನಂತೆ ಹರಳು ಹೊಳೆಯುತ್ತಿರುತ್ತದೆ. ಬಿಸಿನೀರಿನಲ್ಲಿಟ್ಟು ಪೂರ್ತಿ ಕರಗಿಸಿ, ಮೈಯ ಶಾಖಕ್ಕೆ ಆರಿಸಿ, ಫಿಲ್ಟರ್ ಇರುವ ಸೆಟ್‌ನಲ್ಲೇ ಕೊಡಬೇಕು. ಇತ್ತ ರಾಜಸ್ಥಾನದಲ್ಲಿ ಬೇಸಿಗೆ 45 ಡಿಗ್ರಿ ದಾಟುತ್ತದೆ, ‘25 ಡಿಗ್ರಿ ಒಳಗೆ ಇಡಿ’ ಎಂದು ಡಬ್ಬಿಯ ಮೇಲೆ ಅಚ್ಚಾಗಿರುತ್ತದೆ. ಸಾಗಿಸುವ ಟ್ರಕ್ಕಿನೊಳಗೆ ಎಷ್ಟಿತ್ತು ಎಂದು ಕೇಳುವ ನರ್ಸ್ ನೀವಾಗಿ.

ಸೈನಿಕ ರೋಗಿಯ ಸ್ವಭಾವವೂ ಬೇರೆ. ನಿಮ್ಮಪ್ಪನನ್ನು ಕಂಡೇ ಬೆಳೆದಿದ್ದೀರಿ, ನಿಮಗೆ ಗೊತ್ತು. ಪೂರ್ಣ ಆರೋಗ್ಯವಂತ ಎಂಬ ‘ಶೇಪ್ ಒನ್’ ದರ್ಜೆ ಹೋಗಿ ಮೆಡಿಕಲ್ ಕೆಟಗರಿ ಇಳಿದರೆ ಬಡ್ತಿಗೆ, ಪೋಸ್ಟಿಂಗ್‌ಗೆ ಪೆಟ್ಟು ಬೀಳುತ್ತದೆ ಎಂಬ ಭಯ ಎಲ್ಲರಿಗೂ. ಹಾಗಾಗಿ ರಜೆಯಲ್ಲಿ ಊರಿಗೆ ಹೋದಾಗ ಖಾಸಗಿ ಡಾಕ್ಟರಿಂದ ಬಿ.ಪಿ. ಮಾತ್ರೆ ಬರೆಸಿಕೊಂಡು ಟ್ರಂಕಿನಲ್ಲಿಟ್ಟು ಗುಟ್ಟಾಗಿ ನುಂಗುವವರಿದ್ದಾರೆ. ಮಂಡಿನೋವಿಗೆ ಮೆಡಿಕಲ್ ಶಾಪಿನ ಮಾತ್ರೆ ತಿಂಗಳುಗಟ್ಟಲೆ ತಿಂದವರಿದ್ದಾರೆ. ‘ಬೇರೆ ಏನಾದರೂ ಔಷಧಿ ತಗೊಳ್ತೀಯಾ?’ ಎಂದು ವಾರ್ಡಿನ ನಡುವೆ ಜೋರಾಗಿ ಕೇಳಿದರೆ ‘ಇಲ್ಲ ಮ್ಯಾಡಮ್’ ಎಂಬ ಉತ್ತರವೇ ಬರುತ್ತದೆ. ಪರದೆ ಎಳೆದು, ಪಕ್ಕ ಕೂತು, ಮೆತ್ತಗೆ ಕೇಳಿ. ಪೈಲಟ್‌ಗಳ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ನೆಗಡಿಗೆ ನಾವು ಯೋಚಿಸದೆ ನುಂಗುವ ಮಾತ್ರೆ ತರುವ ತೂಕಡಿಕೆ ಕಾಕ್‌ಪಿಟ್‌ನಲ್ಲಿ ಪ್ರಾಣಾಪಾಯ. ಆದ್ದರಿಂದಲೇ ವಿಮಾನ ಹಾರಿಸುವವರು ತಾವಾಗಿ ಯಾವ ಔಷಧಿಯನ್ನೂ ತೆಗೆದುಕೊಳ್ಳುವಂತಿಲ್ಲ. ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ 1957ರಿಂದ ಹಾರುವವರ ಆರೋಗ್ಯವನ್ನೇ ಅಧ್ಯಯನ ಮಾಡುತ್ತಿದೆ. ಅವಕಾಶ ಸಿಕ್ಕರೆ ಅಲ್ಲಿನವರ ಮಾತು ಕೇಳಿ.

ಒಂದೇ ಮಾತ್ರೆಯನ್ನು ಇಡೀ ತುಕಡಿಗೆ ಸಾಲಾಗಿ ಕೊಡುವುದು ಸೈನ್ಯದಲ್ಲಿ ಕಾಣುವ ಇನ್ನೊಂದು ಸಂಗತಿ. ಅಲ್ಲೂ ಒಬ್ಬೊಬ್ಬನೂ ಬೇರೆ ಎಂಬುದನ್ನು ಮರೆಯಬಾರದು. ವೈವ್ಯಾಕ್ಸ್ ಮಲೇರಿಯಾಕ್ಕೆ ಪ್ರೈಮಾಕ್ವಿನ್ ಕೊಡುವ ಮೊದಲು ಜಿ6ಪಿಡಿ ಪರೀಕ್ಷೆ ಕೇಳುವುದು ಇದಕ್ಕೇ. ಆ ಕಿಣ್ವ ಕಡಿಮೆ ಇರುವವನಲ್ಲಿ ಕೆಂಪು ರಕ್ತಕಣಗಳು ಒಡೆಯುತ್ತವೆ. ಅಮೆರಿಕದ ಸೈನ್ಯ ಮಲೇರಿಯಾ ತಡೆಗೆ ದಶಕಗಳ ಕಾಲ ಮೆಫ್ಲೋಕ್ವಿನ್ ಕೊಟ್ಟಿತು. ತಲೆಸುತ್ತು, ಭ್ರಮೆ, ಖಿನ್ನತೆಯ ದೂರುಗಳು ಬರುತ್ತಲೇ ಇದ್ದವು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಅದರ ಮೇಲೆ ತನ್ನ ಅತ್ಯಂತ ಕಠಿಣ ಎಚ್ಚರಿಕೆ ಹಾಕಿಸಿದ್ದು 2013ರಲ್ಲಿ. ಜವಾನ ‘ಈ ಮಾತ್ರೆ ತಿಂದರೆ ಕೆಟ್ಟ ಕನಸು ಬೀಳುತ್ತದೆ’ ಎಂದರೆ ನೆಪ ಎಂದು ತಳ್ಳಿಹಾಕದೆ ಬರೆದುಕೊಳ್ಳಿ.

ಈಗ ನಿಮ್ಮಪ್ಪನ ವಿಷಯ. ಸ್ಟ್ರಿಪ್ ಯಾಕೆ ಬದಲಾಗುತ್ತದೆ ಎಂಬುದಕ್ಕೆ ಉತ್ತರ ಸರಳ. ಸೈನ್ಯದ ಔಷಧಿ ಖರೀದಿ ನಡೆಯುವುದು ಔಷಧಿಯ ಮೂಲ ಹೆಸರಿನಲ್ಲಿ. ಪಿವಿಎಂಎಸ್ ಎಂಬ ಪಟ್ಟಿಯಲ್ಲಿ ಒಂದೊಂದಕ್ಕೂ ಒಂದು ನಂಬರ್ ಇರುತ್ತದೆ. ಈ ಸಲದ ಸರಬರಾಜು ಒಂದು ಕಂಪನಿಯದು, ಮುಂದಿನ ಸಲ ಇನ್ನೊಂದರದು. ಸ್ಟಾಕ್ ಇಲ್ಲದಿದ್ದರೆ ಸ್ಥಳೀಯವಾಗಿ ಕೊಂಡದ್ದು, ಅದು ಮತ್ತೊಂದರದು. ಮಾತ್ರೆಯ ಬಣ್ಣ, ಆಕಾರ, ದೊಡ್ಡಕ್ಷರದ ಹೆಸರು ಎಲ್ಲ ಬದಲಾಗುತ್ತವೆ, ಒಳಗಿನ ಔಷಧಿ ಅದೇ ಇರುತ್ತದೆ. ಇದರಲ್ಲಿ ಮೋಸವಿಲ್ಲ. ಅಪಾಯ ಇರುವುದು ಮನೆಯ ಡಬ್ಬಿಯಲ್ಲಿ. ಹಳೆಯ ಸ್ಟ್ರಿಪ್ ಮುಗಿಯುವ ಮೊದಲೇ ಹೊಸದು ಬರುತ್ತದೆ. ಎರಡರ ಹೆಸರೂ ಬೇರೆ, ಹಾಗಾಗಿ ಎರಡನ್ನೂ ನುಂಗುತ್ತಾರೆ. ಇನ್ನೂ ಹೆಚ್ಚಾಗಿ ಆಗುವುದೇನೆಂದರೆ, ಆಮ್ಲೋಡಿಪಿನ್ ಎಂಬ ಬಿ.ಪಿ. ಔಷಧಿ ಒಂದೇ ಇರುವ ಮಾತ್ರೆಯೊಂದು, ಟೆಲ್ಮಿಸಾರ್ಟಾನ್ ಎಂಬ ಇನ್ನೊಂದು ಬಿ.ಪಿ. ಔಷಧಿಯ ಜೊತೆ ಆಮ್ಲೋಡಿಪಿನ್ ಸೇರಿಸಿದ ಜೋಡಿ ಮಾತ್ರೆಯೊಂದು, ಎರಡೂ ಡಬ್ಬಿಯಲ್ಲಿರುತ್ತವೆ. ಆಮ್ಲೋಡಿಪಿನ್ ಪ್ರಮಾಣ ಹೆಚ್ಚಾದಷ್ಟೂ ಪಾದ ಊದುವುದು ಹೆಚ್ಚು. ಬಿ.ಪಿ. ತೀರಾ ಇಳಿದರೆ ಎದ್ದಾಗ ತಲೆ ಸುತ್ತುತ್ತದೆ. ನೀವು ಬರೆದ ಎರಡು ಲಕ್ಷಣಗಳನ್ನು ಓದಿ ನನ್ನ ಮನಸ್ಸು ಮೊದಲು ಹೋದದ್ದು ಅಲ್ಲಿಗೆ. ಆದರೆ ಹೃದಯ, ಮೂತ್ರಪಿಂಡದ ತೊಂದರೆಯಿಂದಲೂ ಕಾಲು ಊದುತ್ತದೆ. ಪತ್ರ ನೋಡಿ ಇದೇ ಎನ್ನಲಾರೆ, ನೀವೂ ತೀರ್ಮಾನಿಸಬೇಡಿ. ಬಿ.ಪಿ. ಮಾತ್ರೆಯನ್ನು ಅಪ್ಪ ತಾವಾಗಿ ನಿಲ್ಲಿಸುವುದೂ ಬೇಡ.

ಇವತ್ತು ಸಂಜೆ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಊಟದ ಮೇಜಿನ ಮೇಲೆ ಸುರಿಯಿರಿ. ಅಪ್ಪನ ಡಬ್ಬಿ, ದಿಂಬಿನ ಕೆಳಗಿನದು, ಅಂಗಿ ಜೇಬಿನದು, ಮಂಡಿನೋವಿಗೆಂದು ತಂದದ್ದು, ಯಾವುದನ್ನೂ ಬಿಡಬೇಡಿ. ಪ್ರತಿ ಸ್ಟ್ರಿಪ್‌ನ ಹಿಂದೆ ಸಣ್ಣ ಅಕ್ಷರದಲ್ಲಿ ಮೂಲ ಹೆಸರು, ಮಿ.ಗ್ರಾಂ ಇರುತ್ತದೆ. ಅದನ್ನು ಓದಿ ಒಂದೇ ಹೆಸರಿನವನ್ನು ಗುಂಪು ಮಾಡಿ. ಜೋಡಿ ಮಾತ್ರೆ ಎರಡು ಗುಂಪಿಗೂ ಸೇರುತ್ತದೆ ಎಂಬುದು ನೆನಪಿರಲಿ. ಅಪ್ಪ ದಿನಕ್ಕೆ ಯಾವುದನ್ನು ಎಷ್ಟು ಹೊತ್ತಿಗೆ ನುಂಗುತ್ತಾರೆ ಎಂದು ಅವರ ಬಾಯಿಂದಲೇ ಕೇಳಿ ಬರೆಯಿರಿ. ಚೀಟಿಯಲ್ಲಿ ಡಾಕ್ಟರ್ ಬರೆದದ್ದು ಬೇರೆಯೇ ಇದ್ದೀತು. ಬೆಳಿಗ್ಗೆ, ಸಂಜೆ, ಕೂತಾಗ, ನಿಂತಾಗ ಬಿ.ಪಿ. ನೋಡಿ, ಅದನ್ನೂ ಬರೆಯಿರಿ. ನೀವು ನರ್ಸ್, ಇದು ನಿಮಗೆ ಹತ್ತು ನಿಮಿಷದ ಕೆಲಸ.

ಆ ಕಾಗದ ಮತ್ತು ಎಲ್ಲ ಸ್ಟ್ರಿಪ್‌ಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಅಪ್ಪನ ಜೊತೆ ಪಾಲಿಕ್ಲಿನಿಕ್‌ಗೆ ಹೋಗಿ. ಡಾಕ್ಟರ್ ಮುಂದೆ ಚೀಲ ತೆರೆದಿಡಿ, ಯಾವುದು ಇರಬೇಕು, ಯಾವುದು ಬೇಡ ಎಂದು ಅವರಿಂದಲೇ ಗುರುತು ಹಾಕಿಸಿ. ಬೇಡವೆಂದದ್ದನ್ನು ಮನೆಗೆ ತರಬೇಡಿ. ಔಷಧಿಯಿಂದಲೇ ತೊಂದರೆಯಾಗಿದೆ ಎಂದು ಗೊತ್ತಾದರೆ ರಾಷ್ಟ್ರೀಯ ಫಾರ್ಮಕೋವಿಜಿಲೆನ್ಸ್ ಸಹಾಯವಾಣಿ 1800-180-3024ಕ್ಕೆ ಫೋನ್ ಮಾಡಿ ತಿಳಿಸಬಹುದು, ಶುಲ್ಕವಿಲ್ಲ. ಕೊನೆಗೆ ಉಳಿದ ಔಷಧಿಗಳ ಪಟ್ಟಿಯನ್ನು ಚೊಕ್ಕವಾಗಿ ಬರೆದು ಎರಡು ಪ್ರತಿ ಮಾಡಿ. ಒಂದನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ. ಇನ್ನೊಂದನ್ನು ಅಪ್ಪನ ಇಸಿಎಚ್‌ಎಸ್ ಕಾರ್ಡಿನ ಕವರಿನೊಳಗೇ ಇಡಿ, ಜಾಕೆಟ್ ಜೇಬಿನಲ್ಲಿ ಬೇಡ.